ಕಣಜಕ್ಕೆ ಬೇರೆ ಕೋಣೆ ಬೇಕು

ವರ್ಷದ ಭತ್ತವನ್ನು ಯಾರೂ ಒಲೆಯ ಪಕ್ಕ ಸುರಿಯುವುದಿಲ್ಲ. ಒಲೆ ಒಡೆದರೆ ಹೊಸದು ಹಾಕಿಕೊಳ್ಳಬಹುದು. ಕಣಜ ಹಾಳಾದರೆ ವರ್ಷದ ಊಟವೇ ಹೋಯಿತು. ಗಣಕಯಂತ್ರದ ಲೋಕದಲ್ಲೂ ಇದೇ ವಿವೇಕ ಬೇಕು. ಶಾಲೆಯ ದಾಖಲಾತಿ, ಆಸ್ಪತ್ರೆಯ ರೋಗಿಗಳ ವಿವರ, ಸಹಕಾರ ಸಂಘದ ಲೆಕ್ಕ ಇವೆಲ್ಲ ಈಗ ಸರ್ವರ್‌ನೊಳಗಿನ ಡೇಟಾಬೇಸ್‌ನಲ್ಲಿ ಇರುತ್ತವೆ. ಅದನ್ನು ಸ್ಥಾಪಿಸುವಾಗ ‘ಎಲ್ಲಿ ಇಡುವುದು?’ ಎಂಬುದು ಸಣ್ಣ ಪ್ರಶ್ನೆಯಲ್ಲ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶವನ್ನೇ ನೋಡೋಣ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆಯ ಫಲ ಇದು. ಈಗಿನ ಹೆಸರು ಬಂದದ್ದು 1996ರಲ್ಲಿ. ಹಣ ಕೊಡದೆ ಯಾರು ಬೇಕಾದರೂ ಬಳಸಬಹುದು.

ಇದರಲ್ಲಿ ಎರಡು ಭಾಗಗಳಿವೆ. ಒಂದು, ಕೆಲಸ ಮಾಡುವ ತಂತ್ರಾಂಶ. ಇನ್ನೊಂದು, ಅದು ಕಾಯುವ ದತ್ತಾಂಶ. ತಂತ್ರಾಂಶ ಕೆಟ್ಟರೆ ಮತ್ತೆ ಸ್ಥಾಪಿಸಬಹುದು, ದತ್ತಾಂಶ ಹಾಗಲ್ಲ. ಲಿನಕ್ಸ್ ಸರ್ವರ್‌ನಲ್ಲಿ ನಾವು ಏನೂ ಹೇಳದಿದ್ದರೆ ದತ್ತಾಂಶ ಸಾಮಾನ್ಯವಾಗಿ ‘ವಾರ್’ ಎಂಬ ಡೈರೆಕ್ಟರಿಯ ಒಳಗೆ ಸೇರುತ್ತದೆ. ಬಹಳ ಕಡೆ ಕಾರ್ಯಾಚರಣ ವ್ಯವಸ್ಥೆ ಇರುವುದೂ ಅದೇ ಡಿಸ್ಕಿನಲ್ಲಿ. ಅಲ್ಲಿ ದಿನಚರಿ ಕಡತಗಳು ಬೆಳೆದು ಜಾಗ ತುಂಬಿದರೆ, ಬರೆಯಲು ಸ್ಥಳವಿಲ್ಲದೆ ಡೇಟಾಬೇಸ್ ನಿಂತೇ ಹೋಗಬಹುದು. ಆದ್ದರಿಂದಲೇ ಅನುಭವಿಗಳು ಅದಕ್ಕೆ ಬೇರೆ ಡಿಸ್ಕಿನಲ್ಲಿ ಸ್ವಂತ ಡೈರೆಕ್ಟರಿ ಮಾಡುತ್ತಾರೆ.

ಆ ಕೋಣೆಗೆ ಬೀಗವೂ ಬೇಕು. ಡೈರೆಕ್ಟರಿಯ ಒಡೆತನ ಡೇಟಾಬೇಸ್‌ಗೆಂದೇ ಇರುವ ಬಳಕೆದಾರನ ಹೆಸರಿನಲ್ಲಿರಬೇಕು. ಸರ್ವಾಧಿಕಾರಿಯಾದ ‘ರೂಟ್’ ಹೆಸರಿನಲ್ಲಿ ಈ ಸರ್ವರ್ ಓಡಲು ಒಪ್ಪುವುದೇ ಇಲ್ಲ. ಅನುಮತಿಯ ಅಂಕಿ 700. ಓದಲು 4, ಬರೆಯಲು 2, ಒಳಹೋಗಲು 1, ಒಟ್ಟು 7, ಇದು ಒಡೆಯನಿಗೆ. ಎರಡು ಸೊನ್ನೆಗಳ ಅರ್ಥ, ಗುಂಪಿನವರಿಗೂ ಇತರರಿಗೂ ಪ್ರವೇಶವಿಲ್ಲ.

ಇಲ್ಲೊಂದು ಗುಂಡಿಯಿದೆ. ಹೊಸ ಡಿಸ್ಕನ್ನು ಜೋಡಿಸಿದ ಜಾಗವನ್ನೇ ದತ್ತಾಂಶದ ಡೈರೆಕ್ಟರಿ ಮಾಡಬಾರದು. ಅದರೊಳಗೆ ಇನ್ನೊಂದು ಡೈರೆಕ್ಟರಿ ಮಾಡಬೇಕು. ಏಕೆ? ಯಂತ್ರ ಮತ್ತೆ ಎದ್ದಾಗ ಡಿಸ್ಕು ಜೋಡಣೆಯಾಗದಿದ್ದರೆ ಆ ಜಾಗ ಖಾಲಿಯಾಗಿ ಕಾಣುತ್ತದೆ. ಖಾಲಿ ಎಂದು ಅಲ್ಲೇ ಹೊಸ ಡೇಟಾಬೇಸ್ ಹುಟ್ಟಿಕೊಂಡರೆ ಹಳೆಯ ಲೆಕ್ಕವೆಲ್ಲ ಮಾಯವಾದಂತೆ ತೋರೀತು. ಒಳಗಿನ ಡೈರೆಕ್ಟರಿಯಾದರೆ ಆಗ ಸಿಗುವುದೇ ಇಲ್ಲ. ಸರ್ವರ್ ದೋಷ ಹೇಳಿ ನಿಲ್ಲುತ್ತದೆ. ತಪ್ಪು ಲೆಕ್ಕ ತೋರಿಸುವುದಕ್ಕಿಂತ ಸುಮ್ಮನೆ ನಿಲ್ಲುವುದು ಮೇಲು.

ಕೆಲವು ಸರ್ವರ್‌ಗಳಲ್ಲಿ ಎಸ್‌ಇಲಿನಕ್ಸ್ ಎಂಬ ಕಾವಲು ವ್ಯವಸ್ಥೆ ಇರುತ್ತದೆ. ಗುರುತುಪಟ್ಟಿ ಇಲ್ಲದ ಹೊಸ ಡೈರೆಕ್ಟರಿಗೆ ಅದು ಅಡ್ಡಗಟ್ಟುತ್ತದೆ. ಆಗ ಸರಿಯಾದ ಗುರುತು ಹಾಕಬೇಕೇ ಹೊರತು ಕಾವಲನ್ನೇ ತೆಗೆದುಹಾಕಬಾರದು.

ಈಗಾಗಲೇ ಇರುವ ದತ್ತಾಂಶವನ್ನು ಸ್ಥಳಾಂತರಿಸುವುದಾದರೆ ಮೊದಲು ಸರ್ವರ್ ನಿಲ್ಲಿಸಿ, ಒಡೆತನ ಮತ್ತು ಅನುಮತಿಗಳ ಸಮೇತ ನಕಲು ಮಾಡಿ, ಆಮೇಲೆ ಸಂರಚನೆಯ ಕಡತದಲ್ಲಿ ಹೊಸ ವಿಳಾಸ ಬರೆಯಬೇಕು. ಹಳೆಯದನ್ನು ಅಳಿಸುವ ಆತುರ ಬೇಡ. ಪ್ರತಿ ರಾತ್ರಿ ನಡೆಯುವ ಬ್ಯಾಕಪ್ ಹಳೆಯ ಡೈರೆಕ್ಟರಿಯನ್ನೇ ನಕಲು ಮಾಡುತ್ತಿದೆಯೇ ಎಂದು ನೋಡಿಕೊಳ್ಳಿ. ಹಾಗಿದ್ದರೆ ಖಾಲಿ ಕಣಜಕ್ಕೆ ಕಾವಲು ಕಾದಂತೆ. ಹೊಸ ವಿಳಾಸವನ್ನು ಕಾಗದದ ಮೇಲೂ ಬರೆದಿಡಿ. ಸ್ಥಾಪಿಸಿದವರು ವರ್ಗವಾಗಿ ಹೋದ ಮೇಲೂ ಲೆಕ್ಕ ಅಲ್ಲೇ ಇರಬೇಕಲ್ಲವೇ?