ಒಂದು ಕಂಪ್ಯೂಟರ್, ಎರಡು ಓಎಸ್: ಜಗಳ ಹುಟ್ಟುವುದೆಲ್ಲಿ?

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಲಿನಕ್ಸನ್ನೂ ಹಾಕಿಕೊಂಡವರಲ್ಲಿ ಬಹಳ ಮಂದಿಗೆ ಮೊದಲ ದಿನಗಳಲ್ಲೇ ಒಂದು ವಿಚಿತ್ರ ಎದುರಾಗುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಲಿನಕ್ಸಿನಲ್ಲಿ ಕೆಲಸ ಮುಗಿಸಿ ವಿಂಡೋಸಿಗೆ ಬಂದರೆ, ಮೂಲೆಯ ಗಡಿಯಾರ ನಸುಕಿನ ನಾಲ್ಕೂವರೆ ತೋರಿಸುತ್ತಿರುತ್ತದೆ. ಸರಿಪಡಿಸಿದರೆ ಸರಿಹೋಗುತ್ತದೆ. ಮತ್ತೆ ಲಿನಕ್ಸಿಗೆ ಹೋಗಿಬಂದರೆ ಮತ್ತದೇ ಐದೂವರೆ ಗಂಟೆ ಹಿಂದೆ. ಮದರ್‌ಬೋರ್ಡಿನ ಸೆಲ್ ಹೋಗಿರಬೇಕು ಎಂದು ಹೊಸದನ್ನು ಹಾಕಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ಸೆಲ್ ಚೆನ್ನಾಗಿಯೇ ಇತ್ತು.

ಕಂಪ್ಯೂಟರ್ ಆಫ್ ಆಗಿದ್ದಾಗಲೂ ಆ ಸೆಲ್ಲಿನ ಬಲದಲ್ಲಿ ಪುಟ್ಟ ಗಡಿಯಾರವೊಂದು ನಡೆಯುತ್ತಲೇ ಇರುತ್ತದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಹರಳು ಅದರ ಜೀವಾಳ. ಅದರಲ್ಲಿರುವುದು ಒಂದು ದಿನಾಂಕ, ಒಂದು ವೇಳೆ, ಅಷ್ಟೇ. ಆ ವೇಳೆ ಬೆಂಗಳೂರಿನದೋ ಲಂಡನ್ನಿನದೋ ಎಂಬುದು ಅದಕ್ಕೆ ತಿಳಿಯದು. ಐಬಿಎಂ 1984ರಲ್ಲಿ ತಂದ ಪಿಸಿ ಎಟಿ ಮಾದರಿಯಲ್ಲಿ ಇಂಥ ಗಡಿಯಾರ ಮದರ್‌ಬೋರ್ಡಿಗೇ ಬಂತು. ಅಂದಿನ ಡಾಸ್‌ಗೆ ಟೈಮ್‌ಝೋನ್ ಎಂಬ ಕಲ್ಪನೆಯೇ ಇರಲಿಲ್ಲವಾದ್ದರಿಂದ ಗೋಡೆ ಗಡಿಯಾರದ ವೇಳೆಯನ್ನೇ ಅದಕ್ಕೆ ತುಂಬುತ್ತಿತ್ತು. ವಿಂಡೋಸ್ ಇಂದಿಗೂ ಆ ಪದ್ಧತಿಯನ್ನೇ ಪಾಲಿಸುತ್ತದೆ. ಲಿನಕ್ಸ್ ಯುನಿಕ್ಸಿನ ವಂಶದ್ದು. ಅದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಜಾಗತಿಕ ಕಾಲಮಾನದಲ್ಲಿ ಎಣಿಸುತ್ತದೆ, ಊರಿಗೆ ತಕ್ಕ ವೇಳೆಯನ್ನು ಪರದೆಯ ಮೇಲೆ ತೋರಿಸುವಾಗಷ್ಟೇ ಲೆಕ್ಕ ಹಾಕುತ್ತದೆ. ಹಾಗಾಗಿ ನಮ್ಮ ಹತ್ತು ಗಂಟೆಯ ಹೊತ್ತಿಗೆ ಲಿನಕ್ಸ್ ಗಡಿಯಾರದಲ್ಲಿ 4:30 ಎಂದು ಬರೆದಿಡುತ್ತದೆ. ವಿಂಡೋಸ್ ಎದ್ದು ಬಂದು ಅದನ್ನೇ ಇಲ್ಲಿನ ವೇಳೆ ಎಂದು ಓದುತ್ತದೆ.

ಎರಡೂ ತಪ್ಪು ಮಾಡಿಲ್ಲ. ಎರಡು ಓಎಸ್‌ಗಳು ಒಂದೇ ಯಂತ್ರದಲ್ಲಿದ್ದರೂ ಒಂದನ್ನೊಂದು ನೋಡುವುದೇ ಇಲ್ಲ. ಒಂದು ಓಡುತ್ತಿರುವಾಗ ಇನ್ನೊಂದು ಡಿಸ್ಕಿನಲ್ಲಿ ಬರೇ ಫೈಲುಗಳ ರಾಶಿ. ಹಗಲು ಪಾಳಿಯವನೂ ರಾತ್ರಿ ಪಾಳಿಯವನೂ ಒಂದೇ ಕೋಣೆಯಲ್ಲಿದ್ದು, ಇಬ್ಬರೂ ಕೋಣೆ ತನ್ನೊಬ್ಬನದೇ ಎಂದುಕೊಂಡಿರುವ ಹಾಗೆ. ಹೀಗೆ ಎರಡು ಓಎಸ್ ಇಟ್ಟುಕೊಳ್ಳುವ ಡ್ಯುಯಲ್ ಬೂಟ್‌ನ ತಕರಾರುಗಳಲ್ಲಿ ಹೆಚ್ಚಿನವು ಒಬ್ಬರು ಬಿಟ್ಟುಹೋದ ಗುರುತನ್ನು ಇನ್ನೊಬ್ಬರು ತಮ್ಮದೇ ರೀತಿಯಲ್ಲಿ ಓದಿಕೊಳ್ಳುವುದರಿಂದ ಹುಟ್ಟುತ್ತವೆ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು. ಗಡಿಯಾರದ ಮಟ್ಟಿಗೆ ಪರಿಹಾರವೂ ಅಲ್ಲೇ ಇದೆ: ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರ ಪದ್ಧತಿ ಹೇಳಿಕೊಟ್ಟರೆ ಸಾಕು. ಲಿನಕ್ಸಿನಲ್ಲಿ ಒಂದೇ ಸಾಲಿನ ಆಜ್ಞೆ, ವಿಂಡೋಸಿನಲ್ಲಿ ರಿಜಿಸ್ಟ್ರಿಯ ಒಂದು ನಮೂದು. ಎರಡನ್ನೂ ಬದಲಿಸಿದರೆ ಗೊಂದಲ ತಿರುಗುಮುರುಗಾಗಿ ಹಾಗೇ ಉಳಿಯುತ್ತದೆ.

ಹಂಚಿಕೊಳ್ಳಬೇಕಾದ ಇನ್ನೊಂದು ಜಾಗ ಡಿಸ್ಕಿನ ಹೊಸ್ತಿಲು. ಪವರ್ ಗುಂಡಿ ಒತ್ತಿದ ಕ್ಷಣ ರ‍್ಯಾಮ್ ಪೂರ್ತಿ ಖಾಲಿ. ಪ್ರೊಸೆಸರ್ ಮೊದಲು ಓದುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರನ್ನು. ಹಳೆಯ ಬಯಾಸ್ ಕಾಲದಲ್ಲಿ ಈ ಫರ್ಮ್‌ವೇರಿಗೆ ಗೊತ್ತಿದ್ದ ಕೆಲಸ ಸರಳ: ಡಿಸ್ಕಿನ ಮೊತ್ತಮೊದಲ 512 ಬೈಟ್‌ಗಳನ್ನು ಎತ್ತಿಕೊಂಡು ಓಡಿಸು. ಅದರಲ್ಲಿ ಡಿಸ್ಕಿನ ವಿಭಾಗಗಳ ಪಟ್ಟಿಗೆ 64 ಬೈಟ್, ಕೊನೆಯ ಗುರುತಿಗೆ 2 ಬೈಟ್ ಹೋದರೆ ಓಎಸ್ ಎಬ್ಬಿಸುವ ಪ್ರೋಗ್ರಾಮಿಗೆ ಉಳಿಯುತ್ತಿದ್ದುದು 446 ಬೈಟ್. ನೀವೀಗ ಓದುತ್ತಿರುವ ಈ ಪ್ಯಾರಾವನ್ನು ಯುನಿಕೋಡ್‌ನಲ್ಲಿ ಉಳಿಸಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಕು. ಅಷ್ಟು ಕಿರಿದಾದ ಜಾಗದಲ್ಲಿ ಒಬ್ಬರಿಗಷ್ಟೇ ಸ್ಥಳ. ಆಮೇಲೆ ಬಂದವರು ಮೊದಲಿದ್ದವರನ್ನು ಅಳಿಸಿ ಕೂರುತ್ತಿದ್ದರು. ಲಿನಕ್ಸಿನ ಬೂಟ್‌ಲೋಡರ್ ಗ್ರಬ್ ಅಲ್ಲಿ ಕೂತರೆ ವಿಂಡೋಸಿನ ಹೆಸರನ್ನೂ ಪಟ್ಟಿಯಲ್ಲಿ ತೋರಿಸಬಲ್ಲದು. ವಿಂಡೋಸಿನ ಇನ್‌ಸ್ಟಾಲರ್ ಲಿನಕ್ಸ್ ಇದೆಯೇ ಎಂದು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂದು ತಿಳಿದವರು ಹೇಳುತ್ತ ಬಂದಿರುವುದು ಇದಕ್ಕೇ.

ಇಂದಿನ ಕಂಪ್ಯೂಟರುಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಇದು ಡಿಸ್ಕಿನಲ್ಲಿ ಪ್ರತ್ಯೇಕವಾದೊಂದು ಚಿಕ್ಕ ಪಾರ್ಟಿಷನ್ ಇಟ್ಟುಕೊಳ್ಳುತ್ತದೆ. ಅದರೊಳಗೆ ವಿಂಡೋಸಿಗೊಂದು ಫೋಲ್ಡರ್, ಉಬುಂಟುವಿನಂಥ ಲಿನಕ್ಸಿಗೊಂದು ಫೋಲ್ಡರ್. ಯಾರನ್ನು ಮೊದಲು ಎಬ್ಬಿಸಬೇಕೆಂಬ ಸರದಿ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಒಬ್ಬರು ಇನ್ನೊಬ್ಬರನ್ನು ಅಳಿಸಬೇಕಾದ ಪ್ರಮೇಯವೇ ಇಲ್ಲ, ಹೆಚ್ಚೆಂದರೆ ಸರದಿಯಲ್ಲಿ ಮುಂದೆ ನುಗ್ಗಬಹುದು. ಮನೆಬಳಕೆಯ ಕಂಪ್ಯೂಟರಿನಲ್ಲಿ ಈಚಿನ ದಶಕಗಳಲ್ಲಿ ಆದ ಬಹು ದೊಡ್ಡ ಉಪಕಾರಗಳಲ್ಲಿ ಇದೂ ಒಂದು ಎಂದು ನಾನು ಎಣಿಸುತ್ತೇನೆ. ಲಿನಕ್ಸ್ ಹಾಕಿದ ಮೇಲೆ ಗ್ರಬ್ ಮೆನುವಿನಲ್ಲಿ ವಿಂಡೋಸಿನ ಸಾಲೇ ಕಾಣೆಯಾಗಿದ್ದರೂ ಗಾಬರಿ ಬೇಡ. 2021ರಲ್ಲಿ ಬಂದ 2.06ನೇ ಆವೃತ್ತಿಯಿಂದ ಗ್ರಬ್ ಸುರಕ್ಷತೆಯ ಕಾರಣಕ್ಕೆ, ನಾವು ಹೇಳದ ಹೊರತು ಬೇರೆ ಓಎಸ್‌ಗಳನ್ನು ತಾನಾಗಿ ಹುಡುಕುವುದಿಲ್ಲ. ಸೆಟ್ಟಿಂಗ್ ಬದಲಿಸಿದರೆ ಆ ಸಾಲು ಮರಳುತ್ತದೆ.

ಇವೆಲ್ಲಕ್ಕಿಂತ ಅಪಾಯದ ಗುರುತು ಒಂದಿದೆ, ಅದು ಕಣ್ಣಿಗೆ ಕಾಣುವುದಿಲ್ಲ. 2012ರ ವಿಂಡೋಸ್ 8ರಿಂದೀಚೆಗೆ ‘ಶಟ್‌ಡೌನ್’ ಒತ್ತಿದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಮ್ಮ ಪ್ರೋಗ್ರಾಮುಗಳನ್ನು ಮುಚ್ಚಿ, ತನ್ನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿನ ಒಂದು ಫೈಲಿನಲ್ಲಿ ಇಳಿಸಿ ಮಲಗುತ್ತದೆ. ಮರುದಿನ ಬೇಗ ಎದ್ದೇಳಲು ಈ ಏರ್ಪಾಡು. ಹೆಸರು ಫಾಸ್ಟ್ ಸ್ಟಾರ್ಟಪ್. ಸಿ ಡ್ರೈವಿನಲ್ಲಿ ಯಾವ ಫೈಲು ಎಲ್ಲಿದೆ ಎಂಬ ಲೆಕ್ಕವೂ ಆ ಉಳಿಸಿಟ್ಟ ನೆನಪಿನಲ್ಲಿ ಇರುತ್ತದೆ. ನಡುವೆ ಲಿನಕ್ಸ್ ಎದ್ದು ಅದೇ ಡ್ರೈವಿಗೆ ಫೋಟೋಗಳನ್ನು ತುಂಬಿತೆನ್ನಿ. ವಿಂಡೋಸ್ ಎದ್ದಾಗ ತನ್ನ ಹಳೆಯ ಲೆಕ್ಕವನ್ನೇ ನಂಬಿ ಅವುಗಳ ಮೇಲೆಯೇ ಬರೆದುಬಿಡಬಹುದು. ಅದಕ್ಕೆಂದೇ ಲಿನಕ್ಸ್ ಇಂಥ ಡ್ರೈವನ್ನು ಕಂಡರೆ ಓದಲು ಬಿಟ್ಟು ಬರೆಯಲು ಬಿಡುವುದಿಲ್ಲ. ಆ ನಿರಾಕರಣೆಯನ್ನು ಬಲವಂತದಿಂದ ಮೀರುವ ದಾರಿಗಳನ್ನು ಹೇಳಿಕೊಡುವವರಿದ್ದಾರೆ, ದಯವಿಟ್ಟು ಕೇಳಬೇಡಿ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇರುವಷ್ಟು ದಿನ ‘ರೀಸ್ಟಾರ್ಟ್’ ಒತ್ತಿದಾಗಲೇ ವಿಂಡೋಸ್ ನಿಜವಾಗಿ ಪೂರ್ತಿ ಮುಚ್ಚಿ ಹೊಸದಾಗಿ ತೆರೆಯುತ್ತದೆ. ಶಟ್‌ಡೌನ್‌ಗಿಂತ ರೀಸ್ಟಾರ್ಟೇ ಹೆಚ್ಚು ಪೂರ್ಣವಾದದ್ದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಲಿನಕ್ಸಿಗೆಂದು ಡಿಸ್ಕಿನಲ್ಲಿ ಜಾಗ ಬಿಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ಕುಗ್ಗಿಸಿ 60ರಿಂದ 100 ಜಿಬಿ ಬಿಟ್ಟರೆ ಲಿನಕ್ಸಿಗೆ ಧಾರಾಳ. ಅದಕ್ಕೂ ಮೊದಲು ಎರಡು ಕೆಲಸ ತಪ್ಪದೆ ಆಗಬೇಕು. ಮುಖ್ಯ ಕಡತಗಳ ನಕಲು ಹೊರಗಿನ ಡಿಸ್ಕಿನಲ್ಲಿರಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಸಲ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿರಬೇಕು. ಕಂಪ್ಯೂಟರ್ ಎದ್ದೇಳುವ ಹಾದಿ ಬದಲಾದುದನ್ನು ಮದರ್‌ಬೋರ್ಡಿನ ಸುರಕ್ಷತಾ ಚಿಪ್ ಆದ ಟಿಪಿಎಂ ಗುರುತಿಸಿದರೆ, ವಿಂಡೋಸ್ ಆ ಸಂಖ್ಯೆ ಕೇಳಿ ನಿಂತುಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ಎರಡನೇ ಎಸ್‌ಎಸ್‌ಡಿ ಹಾಕಲು ಕಿಂಡಿ ಇದ್ದರೆ ಲಿನಕ್ಸಿಗೆ ಅದನ್ನೇ ಕೊಡುವುದು ನನ್ನ ಸಲಹೆ. ಹಂಚಿಕೊಳ್ಳುವ ಜಾಗ ಕಡಿಮೆಯಾದಷ್ಟೂ ತಕರಾರು ಕಡಿಮೆ. ಎರಡನ್ನೂ ಒಟ್ಟಿಗೇ ಓಡಿಸಬೇಕೆನ್ನುವವರಿಗೆ ವರ್ಚುವಲ್ ಮಷೀನ್ ಇದೆ, ಆದರೆ ರ‍್ಯಾಮ್ ಇಬ್ಬರಿಗೂ ಹಂಚಿಹೋಗುತ್ತದೆ.

ಇಷ್ಟು ತಾಪತ್ರಯ ಯಾಕೆ, ಒಂದನ್ನೇ ಇಟ್ಟುಕೊಳ್ಳಬಾರದೇ ಎಂದು ಕೇಳಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಇಲ್ಲದ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಎಷ್ಟೋ ಮನೆಗಳಲ್ಲಿವೆ. ಇಂಟರ್ನೆಟ್ಟಿನ ಕೆಲಸಕ್ಕೆ ಲಿನಕ್ಸ್ ಬಳಸಿ, ಹಳೆಯ ವಿಂಡೋಸನ್ನು ಜಾಲಕ್ಕೆ ಸೇರಿಸದೆ ಉಳಿಸಿಕೊಳ್ಳುವುದು ಅಲ್ಲಿ ವಿವೇಕದ ದಾರಿ. ಕನ್ನಡದಲ್ಲಿ ಬರೆಯುವವರಿಗೆ ಆ ಹಳೆಯ ವಿಂಡೋಸ್ ಬೇಕಾಗುವ ಕಾರಣವೊಂದಿದೆ. ವರ್ಷಗಟ್ಟಲೆ ನುಡಿ, ಬರಹ ತಂತ್ರಾಂಶಗಳಲ್ಲಿ ಕೂಡಿಟ್ಟ ಕಡತಗಳಲ್ಲಿ ಬಹಳಷ್ಟು ಯುನಿಕೋಡ್ ಪೂರ್ವದವು. ನುಡಿಯ ಫಾಂಟ್ ಇಲ್ಲದೆ ತೆರೆದರೆ ‘ಕನ್ನಡ’ ಎಂಬ ಪದದ ನಡುವೆ ಪೌಂಡ್ ಚಿಹ್ನೆ ಕಾಣುತ್ತದೆ. ಅವನ್ನು ತಿದ್ದಲು ನುಡಿ ತಂತ್ರಾಂಶವೇ ಬೇಕು, ಅದು ತಯಾರಾಗಿರುವುದು ವಿಂಡೋಸಿಗೆ. ಹೊಸ ಬರವಣಿಗೆಗೆ ಲಿನಕ್ಸಿನಲ್ಲೂ ಕೊರತೆಯಿಲ್ಲ: ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ಕಗಪ, ಕೀಬೋರ್ಡ್ ಸೆಟ್ಟಿಂಗಿನಲ್ಲಿ ಹುಡುಕಿದರೆ ಸಿಗುತ್ತದೆ.

ಮುಂದೆಂದಾದರೂ ಲಿನಕ್ಸ್ ತೆಗೆದುಹಾಕುವುದಾದರೆ, ಮೊದಲು ಯುಇಎಫ್‌ಐ ಸರದಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ಆಮೇಲೆ ಲಿನಕ್ಸಿನ ಪಾರ್ಟಿಷನ್ ಅಳಿಸಿ. ಅವಸರದಲ್ಲಿ ಪಾರ್ಟಿಷನ್ ಮೊದಲು ಅಳಿಸಿದರೆ, ಗ್ರಬ್‌ನ ಪುಟ್ಟ ತುಣುಕು ಯುಇಎಫ್‌ಐ ಪಾರ್ಟಿಷನ್‌ನಲ್ಲಿ ಉಳಿದು, ಅಳಿಸಿಹೋದ ತನ್ನ ಉಳಿದ ಭಾಗವನ್ನು ಹುಡುಕಿ ಸಿಗದೆ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಹಾಗಾದರೂ ವಿಂಡೋಸಿನ ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ (ತಯಾರಕರಿಗೆ ತಕ್ಕಂತೆ ಕೀಲಿ ಬೇರೆ), ಬರುವ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಅದು ಎಂದಿನಂತೆ ಎದ್ದು ಬರುತ್ತದೆ.