ಹಗುರ ಪಾತ್ರೆ ಕೊಳ್ಳುವ ಮುನ್ನ: ಅಲ್ಯೂಮಿನಿಯಂ, ನಾನ್‌ಸ್ಟಿಕ್ ಆಯ್ಕೆ ಹೇಗೆ?

ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಬೇಯಿಸಬಾರದೆಂಬುದನ್ನು ಹಿಂದಿನ ತಲೆಮಾರಿನ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಲಕ್ರಮೇಣ ಕಲಾಯಿಯವರು ಬೀದಿಗಳಿಂದ ಮರೆಯಾದರು, ಭಾರದ ಪಾತ್ರೆಗಳು ಅಟ್ಟ ಸೇರಿದವು. ಅವುಗಳ ಜಾಗವನ್ನು ಹಗುರವಾದ ಅಲ್ಯೂಮಿನಿಯಂ ಮತ್ತು ನಾನ್‌ಸ್ಟಿಕ್ ಪಾತ್ರೆಗಳು ಆಕ್ರಮಿಸಿದವು. ಆದರೆ ಯಾವುದರಲ್ಲಿ ಏನನ್ನು ಬೇಯಿಸಬೇಕೆಂಬ ತಿಳಿವಳಿಕೆ ಮಾತ್ರ ಹೊಸ ಪಾತ್ರೆಗಳೊಡನೆ ಮನೆಗೆ ಬರಲಿಲ್ಲ.

ಹಗುರತನದ ಲಾಭ

ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂನ ತೂಕ 2.7 ಗ್ರಾಂ, ಅಷ್ಟೇ ಗಾತ್ರದ ಉಕ್ಕಿನ ತೂಕ ಸುಮಾರು 8 ಗ್ರಾಂ. ಶಾಖವನ್ನು ಹರಡುವುದರಲ್ಲಂತೂ ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಅಲ್ಯೂಮಿನಿಯಂ ಸುಮಾರು 15 ಪಟ್ಟು ಮುಂದಿದೆ. ಆದ್ದರಿಂದ ಅಡುಗೆ ಬೇಗ ಆಗುತ್ತದೆ, ಒಂದೇ ಕಡೆ ತಳ ಹಿಡಿಯುವುದು ಕಡಿಮೆ. ಆದರೆ ತೀರಾ ತೆಳುವಾದ ಪಾತ್ರೆ ಬಹುಬೇಗ ನೆಗ್ಗುತ್ತದೆ, ತಳ ಡೊಂಕಾಗಿ ಒಲೆಯ ಮೇಲೆ ಅಲುಗಾಡುತ್ತದೆ. ತಳ ಸುಮಾರು 3 ಮಿಲಿಮೀಟರ್ ದಪ್ಪವಿದ್ದರೆ ಬಾಳಿಕೆ ಹೆಚ್ಚು. ಇಂಡಕ್ಷನ್ ಒಲೆ ಬಳಸುವವರು ತಳಕ್ಕೆ ಉಕ್ಕಿನ ತಗಡು ಕೂಡಿಸಿದ ಪಾತ್ರೆಯನ್ನೇ ಕೇಳಬೇಕು. ಬರಿಯ ಅಲ್ಯೂಮಿನಿಯಂ ಅದರ ಮೇಲೆ ಕಾಯದು.

ಹುಳಿಗೆ ಸಲ್ಲದು

ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳುಪದರ ಮೂಡಿ ಲೋಹವನ್ನು ಕಾಪಾಡುತ್ತದೆ. ಹುಣಸೆ, ಟೊಮೆಟೊ, ಮಜ್ಜಿಗೆಯಂಥ ಹುಳಿ ಪದಾರ್ಥಗಳು ಹಾಗೂ ಉಪ್ಪು ಈ ಪದರವನ್ನು ಸವೆಸುತ್ತವೆ. ಆಗ ಲೋಹದ ಅಂಶ ಆಹಾರಕ್ಕೆ ಇಳಿಯುತ್ತದೆ. ಹೊತ್ತು ಕಳೆದಂತೆ ಈ ಪ್ರಮಾಣ ಏರುತ್ತದೆ. ಅಂದರೆ ಸಾರು ಕುದಿಸುವುದಕ್ಕಿಂತ ಉಳಿದ ಸಾರನ್ನು ರಾತ್ರಿಯಿಡೀ ಅದರಲ್ಲೇ ಬಿಡುವುದು ಹೆಚ್ಚು ಕೆಟ್ಟದ್ದು.

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿಯು 2011ರಲ್ಲಿ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಅಲ್ಯೂಮಿನಿಯಂ ಎಂಬ ಮಿತಿ ವಿಧಿಸಿತು. 60 ಕಿಲೋ ತೂಕದವರಿಗೆ ಇದು 120 ಮಿಲಿಗ್ರಾಂ. ಆರೋಗ್ಯವಂತರ ಮೂತ್ರಪಿಂಡ ಈ ಲೋಹವನ್ನು ಹೊರಹಾಕುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವಿಶೇಷ ಎಚ್ಚರ ವಹಿಸಬೇಕು. ಅಲ್ಯೂಮಿನಿಯಂ ಪಾತ್ರೆಯಿಂದ ಅಲ್ಝೈಮರ್ ಕಾಯಿಲೆ ಬರುತ್ತದೆಂಬ ಮಾತು ಸಾಬೀತಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಚಟ್ನಿ, ಸಾಂಬಾರುಗಳನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದೆನ್ನುತ್ತದೆ. ಈ ಆಕ್ಸೈಡ್ ಪದರವನ್ನೇ ವಿದ್ಯುತ್ ಕ್ರಿಯೆಯಿಂದ ದಪ್ಪಗೊಳಿಸಿದ 'ಹಾರ್ಡ್ ಅನೋಡೈಸ್ಡ್' ಪಾತ್ರೆಗಳು ಹುಳಿಯನ್ನು ಹೆಚ್ಚು ತಾಳುತ್ತವೆ. ಬೆಲೆಯೂ ತುಸು ಹೆಚ್ಚು.

ನಾನ್‌ಸ್ಟಿಕ್: ಉರಿಯೇ ಶತ್ರು

ನಾನ್‌ಸ್ಟಿಕ್ ಲೇಪನಕ್ಕೆ ಬಳಸುವ ಪಿಟಿಎಫ್‌ಇ ಎಂಬ ವಸ್ತುವನ್ನು 1938ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದರು. 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗುವಾರ್ ಅದನ್ನು ಅಲ್ಯೂಮಿನಿಯಂ ಬಾಣಲೆಗೆ ಅಂಟಿಸುವ ವಿಧಾನವನ್ನು ರೂಪಿಸಿದರು. ಕಿತ್ತುಬಂದ ಲೇಪನದ ಚೂರು ಹೊಟ್ಟೆಗೆ ಹೋದರೂ ಜೀರ್ಣವಾಗದೆ ಹೊರಬೀಳುತ್ತದೆ. ನಿಜವಾದ ಅಪಾಯ ಅತಿಶಾಖದ್ದು. ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಶಾಖ 260 ಡಿಗ್ರಿ ಸೆಲ್ಸಿಯಸ್ ದಾಟಿ ಲೇಪನ ಕೆಡತೊಡಗುತ್ತದೆ. ಶಾಖ ಇನ್ನೂ ಏರಿದರೆ ಹೊಮ್ಮುವ ಹೊಗೆಯಿಂದ ಜ್ವರದಂಥ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಪಂಜರದ ಗಿಳಿಗಳು ಸತ್ತ ನಿದರ್ಶನಗಳೂ ಇವೆ. ಇನ್ನಷ್ಟು ಎಚ್ಚರ ವಹಿಸಿರುವ ಪೋಷಣಾ ಸಂಸ್ಥೆಯ ಮಾರ್ಗಸೂಚಿ 170 ಡಿಗ್ರಿ ಮೀರಿದರೇ ಅಪಾಯವೆನ್ನುತ್ತದೆ.

ಲೇಪನದ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ರಾಸಾಯನಿಕವನ್ನು ಅಮೆರಿಕದ ಪ್ರಮುಖ ತಯಾರಕರು 2015ರೊಳಗೆ ಕೈಬಿಟ್ಟರು. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. 'ಪಿಎಫ್‌ಒಎ ಮುಕ್ತ' ಎಂಬ ಬರಹವಿರುವ ಪಾತ್ರೆಯನ್ನೇ ಕೊಳ್ಳುವುದು ಲೇಸು. ಆದರೆ ಆ ಬರಹವಿದ್ದ ಮಾತ್ರಕ್ಕೆ ದೊಡ್ಡ ಉರಿಗೆ ಪರವಾನಗಿ ಸಿಕ್ಕಂತಲ್ಲ.

ಕೊಳ್ಳುವಾಗ, ಬಳಸುವಾಗ

* ಐಎಸ್‌ಐ ಮುದ್ರೆ ನೋಡಿ. ಅಲ್ಯೂಮಿನಿಯಂ ಹಾಗೂ ಸ್ಟೀಲ್ ಪಾತ್ರೆಗಳಿಗೆ ಇದನ್ನು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು.
* ನಾನ್‌ಸ್ಟಿಕ್ ಕಾವಲಿಗೆ ಮೊದಲು ಎಣ್ಣೆ ಸವರಿ, ಬಳಿಕ ಸಣ್ಣ ಉರಿಯಲ್ಲಿ ಕಾಯಿಸಿ. ಒಗ್ಗರಣೆಗೆ ಬೇರೆ ಸೌಟು ಇರಲಿ.
* ಮರದ ಸೌಟು, ಮೆತ್ತನೆಯ ಸ್ಪಂಜು ಬಳಸಿ. ಲೇಪನ ಎದ್ದ ಪಾತ್ರೆಯನ್ನು ಬದಲಿಸಿ.

ಒಂದೇ ಪಾತ್ರೆ ಎಲ್ಲ ಅಡುಗೆಗೂ ಒದಗದು. ಅನ್ನ, ಹಾಲಿಗೆ ಅಲ್ಯೂಮಿನಿಯಂ, ಸಾರು ಗೊಜ್ಜುಗಳಿಗೆ ಸ್ಟೀಲ್, ನೀರುದೋಸೆಗೆ ನಾನ್‌ಸ್ಟಿಕ್, ಗರಿಗರಿ ದೋಸೆಗೆ ಕಬ್ಬಿಣದ ಕಾವಲಿ ಎಂದು ಹಂಚಿಕೊಂಡರೆ ಜೇಬಿಗೂ ಹೊರೆಯಲ್ಲ, ಆರೋಗ್ಯಕ್ಕೂ ಕುಂದಿಲ್ಲ.