ಹೊಸ ಫೋನಿನ ಗಾಜು ಮತ್ತು ಪವಾಯಿಯ ಧೂಳು

ಸಂಬಳದ ಬಹುಪಾಲನ್ನು ತೆತ್ತು ಕೊಂಡುತಂದ ಹೊಸ ಸ್ಮಾರ್ಟ್‌ಫೋನಿನ ಬೆನ್ನಿನ ಗಾಜಿನ ಮೇಲೆ ಎಂಟು ದಿನಗಳೊಳಗಾಗಿ ಕೂದಲೆಳೆಯಂತಹ ಗೀರೊಂದು ಕಾಣಿಸಿಕೊಂಡರೆ ಮನೆಯಲ್ಲಿ ವಿಚಾರಣೆ ಆರಂಭವಾಗುತ್ತದೆ. ಮಗನು ಅದನ್ನು ಕೀಲಿಕೈಗಳೊಡನೆ ಜೇಬಿನಲ್ಲಿಟ್ಟುಕೊಂಡನೇ? ಸೊಸೆಯು ಚಿಲ್ಲರೆ ನಾಣ್ಯಗಳಿರುವ ಕೈಚೀಲದಲ್ಲಿ ಹಾಕಿದಳೇ? ಮೊಮ್ಮಗ ನೆಲದ ಮೇಲೆ ಎಳೆದಾಡಿದನೇ? ಕೊನೆಗೆ ಅಪರಾಧವು ಸಾಮಾನ್ಯವಾಗಿ ಕೀಲಿಕೈಯ ಅಥವಾ ನಾಣ್ಯದ ತಲೆಗೇ ಬರುತ್ತದೆ. ಆದರೆ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರೆ ಇವೆರಡೂ ಬಹುಮಟ್ಟಿಗೆ ನಿರಪರಾಧಿಗಳು. ನಿಜವಾದ ಅಪರಾಧಿ ಬರಿಗಣ್ಣಿಗೆ ಸುಲಭವಾಗಿ ಗೋಚರಿಸದಷ್ಟು ಚಿಕ್ಕದು. ಅದು ಫೋನನ್ನಷ್ಟೇ ಅಲ್ಲದೆ ಕನ್ನಡಕವನ್ನೂ, ಕಣ್ಣನ್ನೂ, ಶ್ವಾಸಕೋಶವನ್ನೂ ಬಾಧಿಸಬಲ್ಲದು. ಆದುದರಿಂದ ಇದನ್ನು ಕೇವಲ ಅಂದಚೆಂದದ ಪ್ರಶ್ನೆಯೆಂದು ಬದಿಗಿರಿಸುವಂತಿಲ್ಲ.

ಬೆನ್ನಿಗೆ ಗಾಜೇಕೆ?

ಫೋನಿನ ಮುಖಕ್ಕೆ ಗಾಜು ಅನಿವಾರ್ಯ. ಬೆನ್ನಿಗೂ ಅದೇಕೆ ಬೇಕು ಎಂಬ ಸಂದೇಹ ಸಹಜವಾದುದು. 2010ರಲ್ಲಿ ಬಂದ ಐಫೋನ್ 4ಕ್ಕೆ ಎರಡೂ ಕಡೆ ಗಾಜಿತ್ತು. ಅನಂತರ ಕೆಲವು ವರ್ಷ ಲೋಹದ ಬೆನ್ನು ರೂಢಿಯಲ್ಲಿತ್ತು. 2017ರ ಐಫೋನ್ 8ರಲ್ಲಿ ಗಾಜು ಮತ್ತೆ ಮರಳಿತು. ಇದಕ್ಕೆ ಮುಖ್ಯ ಕಾರಣ ತಂತಿಯಿಲ್ಲದೆ ಚಾರ್ಜ್ ಮಾಡುವ ವಿಧಾನ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇದರ ಆಧಾರ. ಕೆಳಗಿನ ಹಲಗೆಯಲ್ಲಿರುವ ತಂತಿಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ತು ಹರಿದಾಗ, ಫೋನಿನೊಳಗಿನ ಸುರುಳಿಯಲ್ಲಿಯೂ ವಿದ್ಯುತ್ತು ಹುಟ್ಟುತ್ತದೆ. ನಡುವೆ ಲೋಹದ ತಗಡಿದ್ದರೆ ಅದು ಈ ಶಕ್ತಿಯನ್ನು ತಾನೇ ಹೀರಿಕೊಂಡು ಬಿಸಿಯಾಗುತ್ತದೆ. ಗಾಜಾದರೋ ಅಡ್ಡಬರುವುದಿಲ್ಲ. ರೇಡಿಯೋ ಅಲೆಗಳಿಗೂ ಅದು ದಾರಿ ಬಿಡುತ್ತದೆ. ಪ್ಲಾಸ್ಟಿಕ್ಕಿನಿಂದಲೂ ಈ ಕಾರ್ಯ ಸಾಧ್ಯವೇ. ಆದರೆ ಗಾಜಿನ ಹೊಳಪು ಮತ್ತು ತಂಪಾದ ಸ್ಪರ್ಶ ಕೊಳ್ಳುವವರ ಮನಸ್ಸನ್ನು ಗೆದ್ದಿವೆ.

ಕಾಠಿನ್ಯದ ಹತ್ತು ಮೆಟ್ಟಿಲುಗಳು

ಯಾವ ವಸ್ತು ಯಾವುದನ್ನು ಗೀಚಬಲ್ಲದು ಎಂಬುದಕ್ಕೆ 1812ರಲ್ಲಿ ಜರ್ಮನ್ ಖನಿಜವಿಜ್ಞಾನಿ ಫ್ರೀಡ್ರಿಕ್ ಮೋಸ್ ಸರಳವಾದ ಒಂದು ಕ್ರಮವನ್ನು ನಿರೂಪಿಸಿದನು. ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿ, ಮೇಲಿನ ಮೆಟ್ಟಿಲಿನ ಖನಿಜ ಕೆಳಗಿನದನ್ನು ಗೀಚುತ್ತದೆ, ಕೆಳಗಿನದು ಮೇಲಿನದನ್ನು ಗೀಚಲಾರದು ಎಂದು ತೋರಿಸಿದನು. ಮೊದಲ ಮೆಟ್ಟಿಲಿನಲ್ಲಿರುವುದು ಬಳಪದ ಖನಿಜ. ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ಕಲ್ಲಿನಲ್ಲಿ ಮುತ್ತಿನ ಸರವನ್ನು ಕಂಡರಿಸಲು ಸಾಧ್ಯವಾದುದಕ್ಕೆ ಬಳಪದ ಕಲ್ಲಿನ ಈ ಮೃದುತ್ವವೂ ಒಂದು ಕಾರಣ. ಎರಡನೆಯದು ಜಿಪ್ಸಮ್, ಮೂರನೆಯದು ಸುಣ್ಣಕಲ್ಲಿನ ಕ್ಯಾಲ್ಸೈಟ್, ನಾಲ್ಕನೆಯದು ಫ್ಲೂರೈಟ್, ಐದನೆಯದು ನಮ್ಮ ಹಲ್ಲಿನ ಹೊರಕವಚಕ್ಕೆ ಸಂಬಂಧಪಟ್ಟ ಅಪಟೈಟ್, ಆರನೆಯದು ಫೆಲ್ಡ್‌ಸ್ಪಾರ್, ಏಳನೆಯದು ಬೆಣಚುಕಲ್ಲು, ಎಂಟನೆಯದು ಪುಷ್ಯರಾಗ, ಒಂಬತ್ತನೆಯದು ಮಾಣಿಕ್ಯ ಮತ್ತು ನೀಲಗಳ ಮೂಲವಾದ ಕುರುಂದ, ಹತ್ತನೆಯದು ವಜ್ರ.

ಈ ಮೆಟ್ಟಿಲುಗಳಲ್ಲಿ ಉಗುರಿನ ಸ್ಥಾನ ಸುಮಾರು 2.5. ಕೀಲಿಕೈಗಳ ಹಿತ್ತಾಳೆ 3ರಿಂದ 4ರ ನಡುವೆ ನಿಲ್ಲುತ್ತದೆ. ಸಾಮಾನ್ಯ ಗಾಜಿನದು ಸುಮಾರು 5.5, ಫೋನಿನ ವಿಶೇಷ ಗಾಜು ಅದಕ್ಕಿಂತ ಸ್ವಲ್ಪ ಮೇಲೆ, 6ರ ಆಸುಪಾಸಿನಲ್ಲಿರುತ್ತದೆ. ಹಾಗಿರುವಾಗ ಹಿತ್ತಾಳೆಯ ಕೀಲಿಕೈ ಗಾಜನ್ನು ಗೀಚುವುದೆಂತು? ಅರದಂತಹ ಹದಮಾಡಿದ ಉಕ್ಕನ್ನು ಬಿಟ್ಟರೆ ಮನೆಬಳಕೆಯ ಲೋಹಗಳಿಗೆ ಆ ಶಕ್ತಿಯಿಲ್ಲ. ಬೆಣಚುಕಲ್ಲಿಗೆ ಇದೆ. ಮರಳು ಎಂದರೆ ಬಹುಪಾಲು ಬೆಣಚುಕಲ್ಲಿನ ಹರಳುಗಳೇ. ಜೇಬಿನ ಮೂಲೆಯಲ್ಲಿ ಕುಳಿತ ಒಂದೇ ಒಂದು ಮರಳಿನ ಕಣವನ್ನು ಕೀಲಿಕೈ ಗಾಜಿನ ಮೇಲೆ ಒತ್ತಿದಾಗ ಗೀರು ಬೀಳುತ್ತದೆ; ಮರಳು ಕಾಣದೆ ಕೀಲಿಕೈ ಮಾತ್ರ ಕಾಣುವುದರಿಂದ ಅದಕ್ಕೆ ಅಪವಾದ ತಟ್ಟುತ್ತದೆ.

ಬಲ ಬೇರೆ, ಕಾಠಿನ್ಯ ಬೇರೆ

ಜಾಹೀರಾತುಗಳಲ್ಲಿ ಫೋನಿನ ಗಾಜು ಅತ್ಯಂತ ಬಲಶಾಲಿಯೆಂದು ಬಣ್ಣಿಸಲ್ಪಟ್ಟಿರುತ್ತದೆ. ಇದು ಸುಳ್ಳಲ್ಲ. ಸೋಡಿಯಂ ಇರುವ ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಮುಳುಗಿಸುತ್ತಾರೆ. ಗಾಜಿನ ಮೇಲ್ಮೈಯಲ್ಲಿರುವ ಚಿಕ್ಕ ಸೋಡಿಯಂ ಅಯಾನುಗಳು ಹೊರಬಂದು, ಆ ಜಾಗಗಳಲ್ಲಿ ದೊಡ್ಡವಾದ ಪೊಟ್ಯಾಸಿಯಂ ಅಯಾನುಗಳು ನುಗ್ಗಿ ಕೂರುತ್ತವೆ. ಮೂವರು ಕೂರುವ ಲೋಕಲ್ ರೈಲಿನ ಆಸನದಲ್ಲಿ ನಾಲ್ವರು ಕುಳಿತಾಗ ಎಲ್ಲರೂ ಒಬ್ಬರನ್ನೊಬ್ಬರು ಒತ್ತಿಕೊಳ್ಳುವಂತೆ, ಗಾಜಿನ ಮೇಲ್ಪದರವೂ ಒತ್ತಡದಲ್ಲಿರುತ್ತದೆ. ಬಿರುಕು ಹರಡಬೇಕಾದರೆ ಮೊದಲು ಈ ಒತ್ತಡವನ್ನು ಮೀರಬೇಕು. ಆದುದರಿಂದಲೇ ಇಂತಹ ಗಾಜು ಕೆಳಗೆ ಬಿದ್ದರೂ ಸುಲಭವಾಗಿ ಒಡೆಯುವುದಿಲ್ಲ.

ಆದರೆ ಈ ಸಂಸ್ಕಾರದಿಂದ ಗಾಜು ಕಾಠಿನ್ಯದ ಮೆಟ್ಟಿಲಿನಲ್ಲಿ ಬೆಣಚುಕಲ್ಲನ್ನು ದಾಟುವುದಿಲ್ಲ. ಪೆಟ್ಟನ್ನು ತಾಳಿಕೊಳ್ಳುವ ಗುಣ ಒಂದು, ಗೀರನ್ನು ತಡೆಯುವ ಗುಣ ಇನ್ನೊಂದು. ಇವೆರಡರ ನಡುವೆ ಸಂಬಂಧವೂ ಉಂಟು. 1921ರಲ್ಲಿ ಪ್ರಕಟವಾದ ಪ್ರಸಿದ್ಧ ಸಂಶೋಧನೆಯೊಂದರಲ್ಲಿ ಬ್ರಿಟಿಷ್ ಎಂಜಿನಿಯರ್ ಎ. ಎ. ಗ್ರಿಫಿತ್, ಗಾಜಿನ ದುರ್ಬಲತೆಗೆ ಅದರಲ್ಲಿರುವ ಅತಿ ಸೂಕ್ಷ್ಮ ಬಿರುಕುಗಳೇ ಕಾರಣವೆಂದು ವಿವರಿಸಿದನು. ಒತ್ತಡದ ಮೇಲ್ಪದರದ ಆಳ ಸುಮಾರು ಒಂದು ತಲೆಗೂದಲಿನ ದಪ್ಪದಷ್ಟು ಮಾತ್ರ. ಗೀರು ಅದರೊಳಕ್ಕೆ ಆಳವಾಗಿ ಇಳಿದಷ್ಟೂ ಗಾಜಿನ ಬಲ ಕುಂದುತ್ತದೆ. ಮುಂದೊಂದು ದಿನ ಫೋನು ಸೊಂಟದ ಎತ್ತರದಿಂದ ಬಿದ್ದು ಚೂರಾದಾಗ, ಅದರ ಬೀಜ ಹಿಂದೆಂದೋ ಬಿದ್ದ ಗೀರಿನಲ್ಲಿ ಇದ್ದಿರಬಹುದು.

ಪವಾಯಿಯ ಧೂಳಿನಲ್ಲಿರುವುದೇನು?

ಮುಂಬಯಿಯ ನೆಲ ದಖ್ಖಣದ ಕಪ್ಪು ಬಸಾಲ್ಟ್ ಶಿಲೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳಿಂದ ಹೊರಬಂದ ಲಾವಾರಸ ಹೆಪ್ಪುಗಟ್ಟಿ ಆದದ್ದು ಇದು. ಅಂಧೇರಿಯ ಗಿಲ್ಬರ್ಟ್ ಬೆಟ್ಟ ಅದರ ಎದ್ದುನಿಂತ ಸಾಕ್ಷಿ. ಬಸಾಲ್ಟಿನಲ್ಲಿ ಬೆಣಚುಕಲ್ಲಿನ ಅಂಶ ಕಡಿಮೆ. ಆದರೆ ಅದರಲ್ಲಿರುವ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್ ಖನಿಜಗಳು ಐದು ಆರನೆಯ ಮೆಟ್ಟಿಲಿನವು, ಗಾಜಿಗೆ ಸರಿಸಮಾನವಾದವು. 1891ರಲ್ಲಿ ಕೆರೆ ನಿರ್ಮಾಣವಾದಾಗ ಪವಾಯಿ ಕಾಡುಗುಡ್ಡಗಳ ಹಳ್ಳಿ. ಅನಂತರ, 1958ರಲ್ಲಿ ಸ್ಥಾಪನೆಯಾದ ಐಐಟಿ ಇಲ್ಲಿಗೆ ಬಂದಿತು. ಎಂಬತ್ತರ ದಶಕದಿಂದ ಮುಗಿಲು ಮುಟ್ಟುವ ವಸತಿಸಂಕೀರ್ಣಗಳು ಎದ್ದವು. ಪವಾಯಿ ಚಾಂದಿವಲಿಗಳ ಗುಡ್ಡಗಳಲ್ಲಿ ಹಿಂದೆ ಕಲ್ಲಿನ ಕ್ವಾರಿಗಳಿದ್ದವು. ಜೋಗೇಶ್ವರಿ-ವಿಖ್ರೋಲಿ ರಸ್ತೆಯ ಮೇಲೆ ಮೆಟ್ರೊ 6ನೇ ಮಾರ್ಗದ ಕಂಬಗಳು ಎದ್ದ ವರ್ಷಗಳಲ್ಲಿ ಕಿಟಕಿ ತೆರೆದ ಮನೆಯವರಿಗೆಲ್ಲ ಧೂಳಿನ ಪರಿಚಯ ಚೆನ್ನಾಗಿಯೇ ಆಗಿದೆ. ಕಟ್ಟಡದ ಕೆಲಸದ ಮರಳು, ಕತ್ತರಿಸಿದ ಗ್ರಾನೈಟ್, ನೆಲಕ್ಕೆ ಹಾಸುವ ಟೈಲ್ಸ್ ಇವುಗಳ ಪುಡಿಯಲ್ಲಿ ಬೆಣಚುಕಲ್ಲು ಸೇರಿರುತ್ತದೆ. ರಜೆಗೆಂದು ಊರಿಗೆ ಹೋದಾಗ ಮಲ್ಪೆ, ಸುರತ್ಕಲ್‌ಗಳ ಕಡಲತೀರದಲ್ಲಿ ಚೀಲದೊಳಗೆ ಸೇರುವ ಮರಳಂತೂ ಗಾಜಿನ ಕಡುವೈರಿ.

ಅಡುಗೆಮನೆಯ ಕಟ್ಟೆಯ ವಿಷಯದಲ್ಲಿಯೂ ಭೇದವಿದೆ. ಹಳೆಯ ಚಾಳುಗಳಲ್ಲಿ ಕಾಣುವ ಕಡಪ ಕಲ್ಲು ಬಹುಮಟ್ಟಿಗೆ ಸುಣ್ಣಕಲ್ಲಿನ ಜಾತಿಯದು, ಗಾಜಿಗಿಂತ ಮೃದು. ಹೊಸ ಫ್ಲ್ಯಾಟುಗಳ ಗ್ರಾನೈಟಿನಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಎರಡೂ ಇವೆ. ಅದರ ಮೇಲೆ ಫೋನನ್ನು ಅಂಗಾತವಾಗಿಟ್ಟು ಆಚೀಚೆ ಜಾರಿಸುವುದು ಸರಿಯಲ್ಲ.

ಗೀರಲ್ಲದ ಗೀರು

ಬೆನ್ನಿನ ಮೇಲೆ ಕಾಣುವ ಬೂದುಬಣ್ಣದ ಗೆರೆಗಳೆಲ್ಲವೂ ಗೀರುಗಳಲ್ಲ. ಮೃದುವಾದ ಅಲ್ಯೂಮಿನಿಯಂ ಅಥವಾ ಸ್ಟೀಲ್ ಗಾಜಿಗೆ ಉಜ್ಜಿದಾಗ, ಹಲಗೆಯ ಮೇಲೆ ಬಳಪ ತನ್ನ ಗುರುತನ್ನು ಬಿಡುವಂತೆ, ಲೋಹವೇ ಸವೆದು ಗಾಜಿಗೆ ಅಂಟಿಕೊಳ್ಳುತ್ತದೆ. ಒದ್ದೆ ಮಾಡಿದ ಮೃದುವಾದ ಬಟ್ಟೆಯಿಂದ ತಾಳ್ಮೆಯಿಂದ ಒರೆಸಿದರೆ ಇಂತಹ ಗುರುತು ಅನೇಕ ವೇಳೆ ಮಾಯವಾಗುತ್ತದೆ. ಉಗುರಿನ ತುದಿಯನ್ನು ಅಡ್ಡಲಾಗಿ ಆಡಿಸಿದಾಗ ಅದು ಸಿಕ್ಕಿಕೊಂಡರೆ ನಿಜವಾದ ಗೀರು. ಅದನ್ನು ಟೂತ್‌ಪೇಸ್ಟ್ ಅಥವಾ ಅಡುಗೆಸೋಡ ಉಜ್ಜಿ ಹೋಗಲಾಡಿಸಬಹುದೆಂಬ ನಂಬಿಕೆ ನಿರಾಧಾರವಾದುದು. ಗಾಜಿನಲ್ಲಾದ ಕುಳಿ ಅದರಿಂದ ತುಂಬುವುದಿಲ್ಲ. ಬೆರಳಿನ ಜಿಡ್ಡು ಅಂಟದಂತೆ ಲೇಪಿಸಿರುವ ತೆಳುಪದರ ಮಾತ್ರ ಸವೆದುಹೋಗುತ್ತದೆ.

ಕನ್ನಡಕ ಮತ್ತು ಕಣ್ಣು

ಇಷ್ಟು ತಿಳಿದ ಮೇಲೆ ಕನ್ನಡಕದ ಕಡೆಗೆ ಗಮನ ಹರಿಸಬೇಕು. ಇಂದಿನ ಕನ್ನಡಕಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಮಸೂರಗಳವು; ಅವು ಗಾಜಿಗಿಂತ ಬಹಳ ಮೃದು. ಲೋಕಲಿನಿಂದ ಇಳಿದವರು ಅಂಗಿಯ ತುದಿಯಿಂದಲೋ ಸೆರಗಿನಿಂದಲೋ ಒಣಗಿದ ಮಸೂರವನ್ನು ಉಜ್ಜುವುದು ನಿತ್ಯದ ನೋಟ. ಬಟ್ಟೆ ನಿರಪಾಯಕಾರಿ, ಅದರ ಎಳೆಗಳಲ್ಲಿ ಅಡಗಿದ ಧೂಳಿನ ಹರಳು ಅಪಾಯಕಾರಿ. ಮೊದಲು ನಲ್ಲಿಯ ತಣ್ಣೀರಿನಲ್ಲಿ ಧೂಳನ್ನು ತೊಳೆದು, ಒಂದು ಹನಿ ಸೌಮ್ಯವಾದ ಸಾಬೂನಿನ ದ್ರವ ಸವರಿ, ಮತ್ತೆ ತೊಳೆದು, ಅನಂತರವೇ ಒರೆಸಬೇಕು.

ಕನ್ನಡಕಕ್ಕೆ ಅನ್ವಯಿಸುವ ನಿಯಮ ಕಣ್ಣಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಮಧ್ಯಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ ದಪ್ಪವಾಗಿರುತ್ತದೆ. ಕಣ್ಣಿಗೆ ಧೂಳು ಬಿದ್ದೊಡನೆ ಉಜ್ಜಿಕೊಳ್ಳುವುದು ಮನುಷ್ಯಸ್ವಭಾವ. ಆದರೆ ಆ ಉಜ್ಜುವಿಕೆಯೇ ಕಣವನ್ನು ಪಟಲಕ್ಕೆ ಒತ್ತಿ ಗೀರನ್ನು ಉಂಟುಮಾಡುತ್ತದೆ. ಗಾಜಿಗಿಲ್ಲದ ಒಂದು ಭಾಗ್ಯ ಕಣ್ಣಿಗಿದೆ: ಕಾರ್ನಿಯಾದ ಹೊರಪದರ ಸಾಮಾನ್ಯವಾಗಿ ಒಂದೆರಡು ಅಥವಾ ಮೂರು ದಿನಗಳಲ್ಲಿ ತಾನೇ ಬೆಳೆದು ಗಾಯವನ್ನು ಮುಚ್ಚುತ್ತದೆ. ಆದರೆ ಗಾಯ ಆಳವಾಗಿದ್ದರೆ ಅಥವಾ ಕೀವಾದರೆ ಬಿಳಿಯ ಕಲೆ ಉಳಿದು ದೃಷ್ಟಿಗೆ ಕುಂದು ಬರಬಹುದು. ಕಣ್ಣಿಗೆ ಧೂಳು ಬಿದ್ದಾಗ ಉಜ್ಜದೆ ರೆಪ್ಪೆಗಳನ್ನು ಮತ್ತೆ ಮತ್ತೆ ಮಿಟುಕಿಸಬೇಕು. ಶುದ್ಧವಾದ ನೀರನ್ನು ಧಾರಾಳವಾಗಿ ಹರಿಸಬೇಕು. ಕಣವು ನಾಟಿಕೊಂಡಿದ್ದರೆ ಕರವಸ್ತ್ರದ ತುದಿಯಿಂದ ಕೀಳುವ ಸಾಹಸ ಸಲ್ಲದು. ನೋವು, ಕೆಂಪು, ಬೆಳಕನ್ನು ಸಹಿಸಲಾರದಿರುವಿಕೆ ಅಥವಾ ಮಂಜುಮಂಜಾದ ದೃಷ್ಟಿ ಮುಂದುವರಿದರೆ ತಡಮಾಡದೆ ನೇತ್ರತಜ್ಞರನ್ನು ಕಾಣಬೇಕು. ಹಿಂದೆಂದೋ ತಂದ ಕಣ್ಣಿನ ಹನಿಗಳನ್ನು, ವಿಶೇಷವಾಗಿ ಸ್ಟೀರಾಯ್ಡ್ ಇರುವುವನ್ನು, ವೈದ್ಯರ ಸಲಹೆಯಿಲ್ಲದೆ ಹಾಕಿಕೊಳ್ಳಬಾರದು.

ಉಸಿರಿನೊಳಗಿನ ಹರಳು

ಗಾಜನ್ನು ಗೀಚುವ ಹರಳು ಮತ್ತಷ್ಟು ನುಣುಪಾದ ಪುಡಿಯಾದಾಗ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಇಂತಹ ಧೂಳನ್ನು ಸೇವಿಸಿದವರ ಶ್ವಾಸಕೋಶದಲ್ಲಿ ಗಂಟುಗಳು ಕಟ್ಟಿ ಸಿಲಿಕೋಸಿಸ್ ಎಂಬ, ಪೂರ್ಣವಾಗಿ ಗುಣವಾಗದ ವ್ಯಾಧಿ ಬರುತ್ತದೆ. ಕ್ಷಯರೋಗಕ್ಕೂ ಅದು ಬಾಗಿಲು ತೆರೆಯುತ್ತದೆ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲಿ ಚಿನ್ನ ಅಡಗಿದ್ದುದು ಬೆಣಚುಕಲ್ಲಿನ ಪದರಗಳಲ್ಲಿಯೇ; ಅದನ್ನು ಕೊರೆದವರನ್ನು ಈ ರೋಗ ಕಾಡಿತು. 1948ರ ಕಾರ್ಖಾನೆ ಕಾಯಿದೆಯು ಇದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು ಪರಿಗಣಿಸಿತ್ತು. ಪಕ್ಕದ ಕಟ್ಟಡದ ಧೂಳಿನಿಂದ ಫ್ಲ್ಯಾಟಿನ ನಿವಾಸಿಗಳಿಗೆ ಸಿಲಿಕೋಸಿಸ್ ಬರುತ್ತದೆಂದು ಹೆದರಬೇಕಾಗಿಲ್ಲ. ಆದರೆ ಮನೆಯಲ್ಲಿ ಗ್ರಾನೈಟ್ ಕತ್ತರಿಸಲು ಬರುವ ಕೆಲಸಗಾರನಿಗೆ ಅದು ನಿತ್ಯದ ಅಪಾಯ. ನೀರು ಹಾಕುತ್ತ ಕತ್ತರಿಸುವಂತೆ ಹೇಳುವುದು, ಸರಿಯಾದ ಮುಖಗವಸನ್ನು ಒದಗಿಸುವುದು ಮನೆಯ ಯಜಮಾನನ ಕರ್ತವ್ಯ.

ಅನುಸರಿಸಬೇಕಾದ ಕ್ರಮಗಳು

ಫೋನಿಗೆ ಹೊಸದಾಗಿರುವಾಗಲೇ ಕವಚ ತೊಡಿಸುವುದು ಉತ್ತಮ. ಆದರೆ ಕವಚ ಮತ್ತು ಗಾಜಿನ ನಡುವೆ ನುಸುಳಿದ ಮರಳು ಅಲ್ಲಿಯೇ ಸಿಕ್ಕಿಕೊಂಡು ಪ್ರತಿ ಅಲುಗಾಟದಲ್ಲೂ ಗಾಜನ್ನು ಸವೆಯಿಸುತ್ತದೆ. ಆದಕಾರಣ ಹದಿನೈದು ದಿನಗಳಿಗೊಮ್ಮೆಯಾದರೂ ಕವಚವನ್ನು ಬಿಚ್ಚಿ ತೊಳೆದು, ಒಣಗಿಸಿ, ಮತ್ತೆ ತೊಡಿಸಬೇಕು. ಗಾಜನ್ನು ಒರೆಸುವ ಮುನ್ನ ಧೂಳನ್ನು ಊದಿ ಅಥವಾ ಕೊಡವಿ ತೆಗೆದು, ಸ್ವಲ್ಪ ಒದ್ದೆಯಾದ ಬಟ್ಟೆಯನ್ನು ಒತ್ತದೆ ಆಡಿಸಬೇಕು. ಫೋನಿಗೆಂದು ಒಂದು ಜೇಬನ್ನು ಮೀಸಲಿಟ್ಟು, ಅದನ್ನು ಆಗಾಗ ಹೊರತಿರುವಿ ಕೊಡವುವುದು ಲೇಸು. ಬಣ್ಣವನ್ನು ಆರಿಸುವಾಗ, ಅಚ್ಚಕಪ್ಪು ಹೊಳಪಿನ ಬೆನ್ನಿನ ಮೇಲೆ ಗೀರುಗಳು ಎದ್ದುಕಾಣುತ್ತವೆ, ತಿಳಿಬಣ್ಣದ ಮಾಸಲು ಮೇಲ್ಮೈಯಲ್ಲಿ ಅಷ್ಟಾಗಿ ಕಾಣವು ಎಂಬುದನ್ನು ನೆನಪಿನಲ್ಲಿಡಬೇಕು.

ಬೆನ್ನಿನ ಗಾಜು ಒಡೆದಿದ್ದರೆ ಮಾತ್ರ ಅಲಕ್ಷ್ಯ ಸಲ್ಲದು. ಅದರ ಸೂಕ್ಷ್ಮ ಚೂರುಗಳು ಬೆರಳಿಗೆ ನಾಟುತ್ತವೆ; ಅದೇ ಕೈ ಕಣ್ಣಿಗೆ ಹೋದರೆ ಅನರ್ಥ. ಮಕ್ಕಳ ಕೈಗೆ ಅಂತಹ ಫೋನನ್ನು ಕೊಡಲೇಬಾರದು. ದುರಸ್ತಿಯಾಗುವವರೆಗೆ ಅಗಲವಾದ ಪಾರದರ್ಶಕ ಅಂಟುಪಟ್ಟಿಯಿಂದ ಮುಚ್ಚಿಡಬೇಕು. ಇನ್ನು, ಕೂದಲೆಳೆಯಷ್ಟು ಬರಿಯ ಗೀರಿಗಾಗಿ ಸಾವಿರಾರು ರೂಪಾಯಿ ವ್ಯಯಿಸಿ ಗಾಜನ್ನೇ ಬದಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಫೋನಿನ ಗಾಜಿಗೆ ಬದಲಿ ಗಾಜು ಹಣಕ್ಕೆ ದೊರೆಯುತ್ತದೆ. ಕಣ್ಣಿನ ಪಟಲಕ್ಕೆ ಬದಲಿ ದೊರೆಯಬೇಕಾದರೆ ಮತ್ತೊಬ್ಬರು ಮರಣಾನಂತರ ತಮ್ಮ ನೇತ್ರವನ್ನು ದಾನ ಮಾಡಿರಬೇಕು.